ಓದುಗರ ಜಗಲಿ: ಅವರ ಹಂದಿ, ನಮ್ಮ ಹಿಂಡಿ

ಹೋದ ಸಂಚಿಕೆಯಲ್ಲಿ ಮುಳ್ಳೇರಿಯದ ಒಬ್ಬರು, ದನದ ಹಿಂಡಿಯ ಬೆಲೆ ಯಾಕೆ ಹೀಗೆ ಕುಣಿಯುತ್ತದೆ ಅಂತ ಕೇಳಿದ್ದರು. ಉತ್ತರದ ಕೊನೆಗೆ ನಾನು ಸುಮ್ನೆ ಒಂದು ಮಾತು ಸೇರಿಸಿದ್ದೆ: ಚೀನಾದ ಹಂದಿಗಳು ಈ ವರ್ಷ ಎಷ್ಟು ತಿಂದವು ಅನ್ನುವ ಲೆಕ್ಕವೂ ನಿಮ್ಮ ಹಿಂಡಿ ಚೀಲದ ಬೆಲೆಯೊಳಗೆ ಕೂತಿರುತ್ತದೆ ಅಂತ. ಅಷ್ಟೇ. ಅದಕ್ಕೆ ಬಂದ ಕಾಗದಗಳನ್ನು ನೋಡಿದರೆ, ಅಡಿಕೆಯ ಕೊಳೆರೋಗದ ಬಗ್ಗೆ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಮಂಜೇಶ್ವರದಿಂದ, ಹೊಸೂರಿನಿಂದ, ಅಕ್ಕಲಕೋಟೆಯಿಂದ, ಆದೋನಿಯಿಂದ. ಗಡಿಯಾಚೆ ಕೂತು ಕನ್ನಡ ಓದುವವರಿಗೆ ಹಂದಿಯ ಮೇಲೆ ಇಷ್ಟು ಕುತೂಹಲ ಇದೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ. ಹೆಸರು ಹಾಕಬೇಡಿ ಅಂತ ಮೂರು ಜನ ಬರೆದಿದ್ದಾರೆ, ಅದಕ್ಕೆ ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಜನಸಂಖ್ಯೆಯಲ್ಲಿ ಈಗ ನಾವೇ ಮೊದಲು. ಹಾಗಿರುವಾಗ ಮಾಂಸ, ಮೇವು ಅಂದ ಕೂಡಲೇ ಎಲ್ಲರೂ ಚೀನಾದ ಹೆಸರನ್ನೇ ಯಾಕೆ ಹೇಳುತ್ತಾರೆ? ನಾವು ಸಸ್ಯಾಹಾರಿಗಳು, ನಮಗೆ ಇದರಿಂದ ಆಗಬೇಕಾದದ್ದಾದರೂ ಏನು?
*(ನಿವೃತ್ತ ಮಾಸ್ತರು, ಪೆರ್ಲ)*

ಮಾಸ್ಟ್ರೇ, ಬಾಯಿ ಎಷ್ಟಿವೆ ಅನ್ನುವುದಕ್ಕಿಂತ ಬಟ್ಟಲಿನಲ್ಲಿ ಏನಿದೆ ಅನ್ನುವುದು ಇಲ್ಲಿ ಮುಖ್ಯ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ನಾವು ಚೀನಾವನ್ನು ಹಿಂದೆ ಹಾಕಿದ್ದು ಹೌದು. ಆದರೆ ನಮ್ಮ ದೇಶದಲ್ಲಿ ಒಂದು ವರ್ಷ ಸಿಗುವ ಎಲ್ಲ ಮಾಂಸವನ್ನು, ಕೋಳಿ, ಆಡು, ಎಮ್ಮೆ ಎಲ್ಲ ಸೇರಿಸಿ ತಲೆಗೆ ಹಂಚಿದರೆ ಏಳು ಕಿಲೋದ ಆಸುಪಾಸು. ಅಲ್ಲಿ ಬರೀ ಹಂದಿ ಮಾಂಸವೇ ತಲೆಗೆ ಸುಮಾರು 40 ಕಿಲೋ. 2024ರಲ್ಲಿ ಅವರು ಕಡಿದ ಹಂದಿಗಳ ಲೆಕ್ಕ 70 ಕೋಟಿ. ಜಗತ್ತಿನ ಹಂದಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಇವೆ. ಚೀನೀ ಬರಹದಲ್ಲಿ ‘ಮನೆ’ ಅನ್ನುವ ಅಕ್ಷರವನ್ನು ಬಿಡಿಸಿ ನೋಡಿದರೆ ಮೇಲೊಂದು ಮಾಡು, ಕೆಳಗೊಂದು ಹಂದಿ. ಬರೀ ‘ಮಾಂಸ’ ಅಂದರೆ ಅಲ್ಲಿ ಸಾಮಾನ್ಯವಾಗಿ ಹಂದಿ ಮಾಂಸ ಅಂತಲೇ ಅರ್ಥ, ನಮ್ಮಲ್ಲಿ ಊಟ ಅಂದರೆ ಅನ್ನ ಅಂತ ಹೇಗೋ ಹಾಗೆ.

ಇಷ್ಟು ಹಂದಿ ತಿನ್ನುವವರು ಹಂದಿ ಮಾಂಸವನ್ನು ಹೊರಗಿನಿಂದ ತರುವುದು ಮಾತ್ರ ತೀರಾ ಕಡಿಮೆ. ಮಾಮೂಲಿ ವರ್ಷದಲ್ಲಿ ನೂರಕ್ಕೆ ಎರಡೋ ಮೂರೋ ಪಾಲು. ಹಂದಿ ಮನೆಯದ್ದು, ಹಂದಿಯ ಊಟ ಹೊರಗಿನದ್ದು. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸೋಯಾ ಬೆಳೆ ಹುಟ್ಟಿದ್ದೇ ಚೀನಾದಲ್ಲಿ, 1990ರ ದಶಕದ ನಡುವಿನ ತನಕ ಅವರು ಸೋಯಾವನ್ನು ಹೊರಗೆ ಮಾರುತ್ತಿದ್ದವರು. ಆಮೇಲೆ ಕೈಯಲ್ಲಿ ಕಾಸು ಬಂತು, ಮಾಂಸ ಜಾಸ್ತಿಯಾಯಿತು, ಇದ್ದ ಗದ್ದೆ ಅಕ್ಕಿ-ಗೋಧಿ-ಮೆಕ್ಕೆಜೋಳಕ್ಕೇ ಬೇಕಾಯಿತು. 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲಂತೂ ಸೋಯಾಕ್ಕೆ ಬಾಗಿಲು ಪೂರ್ತಿ ತೆರೆದರು. 2024ರಲ್ಲಿ ಹಡಗಿನಲ್ಲಿ ತರಿಸಿದ್ದು 10.5 ಕೋಟಿ ಟನ್. ಜಗತ್ತಿನಲ್ಲಿ ದೇಶದಿಂದ ದೇಶಕ್ಕೆ ಹೋಗುವ ಸೋಯಾದಲ್ಲಿ ನೂರಕ್ಕೆ 60ರಷ್ಟು ಅವರೊಬ್ಬರಿಗೇ. ಭಾರತದಲ್ಲಿ ಒಂದು ವರ್ಷ ಬೆಳೆಯುವ ಸೋಯಾಕ್ಕೆ ಹೋಲಿಸಿದರೆ ಕಡಿಮೆಯೆಂದರೂ ಆರೇಳು ಪಟ್ಟು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನೂರು ಕಿಲೋ ಸೋಯಾ ಕಾಳು ಮಿಲ್ಲಿಗೆ ಹಾಕಿದರೆ ಎಣ್ಣೆ ಬರುವುದು 18-20 ಕಿಲೋ, ಹಿಂಡಿ 80 ಕಿಲೋದಷ್ಟು. ಚೀನಾದ ಹಂದಿಗೆ ಬೇಕಾದದ್ದು ಹಿಂಡಿ. ನಮಗೆ ಬೇಕಾದದ್ದು ಎಣ್ಣೆ. ಅಡುಗೆ ಎಣ್ಣೆ ತರಿಸುವುದರಲ್ಲಿ ಜಗತ್ತಿಗೇ ನಾವು ಮೊದಲು, ವರ್ಷಕ್ಕೆ ಸುಮಾರು 160 ಲಕ್ಷ ಟನ್, ಪಾಮ್, ಸೋಯಾ, ಸೂರ್ಯಕಾಂತಿ ಎಲ್ಲ ಸೇರಿ. ಒಂದೇ ಕಾಳಿನ ಎರಡು ಪಾಲಿಗೆ ಎರಡು ದೊಡ್ಡ ಮನೆಗಳು ಕಾದು ಕೂತಿವೆ ಅಂತ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದವರು ರಫ್ತು ತೆರಿಗೆಯನ್ನು ಒಂದು ಮೂರು ದಿನ ತೆಗೆದರು ನೋಡಿ, ಆ ಮೂರೇ ದಿನಗಳಲ್ಲಿ ಚೀನಾದವರು ಹೋಗಿ ಹಡಗುಗಟ್ಟಲೆ ಕಾಳು ಹಿಡಿದರು, ನಮ್ಮವರು ಹೋಗಿ ಎಣ್ಣೆ ಹಿಡಿದರು. ಒಂದೇ ಅಂಗಡಿ, ಒಂದೇ ಸೇಲು. ನಾವು ತೆಂಗಿನೆಣ್ಣೆಯವರು, ನಮಗೆ ತಾಗುವುದಿಲ್ಲ ಅಂತ ನೀವು ಹೇಳಬಹುದು. ಪೇಟೆಯ ಹೋಟೆಲಿನಲ್ಲಿ ಬನ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಒಮ್ಮೆ ಕೇಳಿ ನೋಡಿ ಮಾಸ್ಟ್ರೇ.

ಪ್ರಶ್ನೆ: ಅಕ್ಕಾ, ನಾನು ಇಪ್ಪತ್ತು ಹಂದಿ ಸಾಕುತ್ತೇನೆ. ಹೋಟೆಲಿನ ಉಳಿಕೆಯೇ ಮುಖ್ಯ ಆಹಾರ. ವಯನಾಡಿಗೆ ಬಂದ ಹಂದಿಜ್ವರವೇ ಚೀನಾಕ್ಕೂ ಬಂದದ್ದಾ? ಅಲ್ಲಿ ಹೇಗೆ ಸುಧಾರಿಸಿದರು?
*(ಕೃಷಿಕರು, ಪಾಣತ್ತೂರು ಕಡೆಯವರು)*

ಅದೇ ರೋಗ. ಆಫ್ರಿಕನ್ ಹಂದಿಜ್ವರ. ನಮ್ಮ ದೇಶದಲ್ಲಿ 2020ರಲ್ಲಿ ಅಸ್ಸಾಂ, ಅರುಣಾಚಲ ಕಡೆ ಮೊದಲು ಕಂಡಿತು, 2022ರ ಜುಲೈಯಲ್ಲಿ ವಯನಾಡು, 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಗೂ ಬಂತು. ಮನುಷ್ಯರಿಗೆ ತಾಗುವುದಿಲ್ಲ, ಹಂದಿಗೆ ತಾಗಿದರೆ ಉಳಿಯುವುದು ಕಷ್ಟ. ಚೀನಾದಲ್ಲಿ ಮೊದಲು ಪತ್ತೆಯಾದದ್ದು 2018ರ ಆಗಸ್ಟಿನಲ್ಲಿ, ಶೆನ್ಯಾಂಗ್ ಅನ್ನುವ ಊರಿನಲ್ಲಿ. ಒಂದೇ ವರ್ಷದಲ್ಲಿ ಅವರ ಹಂದಿಗಳಲ್ಲಿ ನೂರಕ್ಕೆ 40ರಷ್ಟು ಹೋದವು. ಸತ್ತವು ಕೆಲವು, ಹೆದರಿ ಕಡಿದವು ಕೆಲವು, ಮತ್ತೆ ಸಾಕಲು ಧೈರ್ಯವಿಲ್ಲದೆ ಬಿಟ್ಟವರೂ ತುಂಬ. 2019ರ ನವೆಂಬರಿಗೆ ಹಂದಿ ಮಾಂಸದ ಬೆಲೆ ಹಿಂದಿನ ವರ್ಷದ ಎರಡು ಪಟ್ಟು ದಾಟಿತು. ಅಲ್ಲಿ ಸರಕಾರದವರು ಹಂದಿ ಮಾಂಸವನ್ನು ಮಂಜುಗಡ್ಡೆ ಮಾಡಿ ದಾಸ್ತಾನು ಇಡುತ್ತಾರೆ, ನಮ್ಮಲ್ಲಿ ಎಫ್‌ಸಿಐ ಗೋದಾಮಿನಲ್ಲಿ ಅಕ್ಕಿ-ಗೋಧಿ ಇಡುವ ಹಾಗೆ. ಅದನ್ನೂ ಹೊರಗೆ ಬಿಟ್ಟರು. ಸಾಲಲಿಲ್ಲ. 2020ರಲ್ಲಿ ಹೊರಗಿನಿಂದ ತರಿಸಿದ ಹಂದಿ ಮಾಂಸ 44 ಲಕ್ಷ ಟನ್, ಅಲ್ಲಿಯ ತನಕದ ದಾಖಲೆ. ಸ್ಪೇನು, ಜರ್ಮನಿ, ಬ್ರೆಜಿಲ್ ಎಲ್ಲಿ ಹಂದಿ ಇತ್ತೋ ಅಲ್ಲೆಲ್ಲ ಚೀನಾದ ವ್ಯಾಪಾರಿ ಇದ್ದ.

ನನಗೆ ಇದರಲ್ಲಿ ಸ್ವಾರಸ್ಯ ಅನಿಸಿದ್ದು ಆಮೇಲಿನ ಕತೆ. ಹಂದಿ ಕಡಿಮೆಯಾದಾಗ, ಅಮೆರಿಕದ ಜೊತೆಗಿನ ಸುಂಕದ ಜಗಳವೂ ಸೇರಿ, ಸೋಯಾ ತರಿಸುವುದೂ ಇಳಿದಿತ್ತು, 2017ರಲ್ಲಿ 9.5 ಕೋಟಿ ಟನ್ ಇದ್ದದ್ದು 2018, 2019ರಲ್ಲಿ 8.8 ಕೋಟಿಯ ಆಸುಪಾಸು. ಆಮೇಲೆ ಹಂದಿ ವಾಪಸು ಬಂತು, ಆದರೆ ಮೊದಲಿನ ಹಂದಿ ಬರಲಿಲ್ಲ. ಮೊದಲು ಹಿತ್ತಿಲಲ್ಲಿ ನಾಲ್ಕೈದು ಹಂದಿ ಕಟ್ಟಿಕೊಂಡು ತೌಡು, ಗೆಣಸಿನ ಬಳ್ಳಿ, ಅಡುಗೆಮನೆಯ ಉಳಿಕೆ ಹಾಕುತ್ತಿದ್ದ ಮನೆಗಳು ಲಕ್ಷಗಟ್ಟಲೆ ಇದ್ದವು. ಅವರಲ್ಲಿ ತುಂಬ ಜನ ಬಿಟ್ಟೇಬಿಟ್ಟರು. ಅವರ ಜಾಗಕ್ಕೆ ಬಂದದ್ದು ಕಂಪನಿಗಳ ದೊಡ್ಡ ದೊಡ್ಡ ಫಾರ್ಮುಗಳು. ಹುಬೇ ಪ್ರಾಂತ್ಯದ ಎಝೌ ಅನ್ನುವಲ್ಲಿ 26 ಮಾಳಿಗೆಯ ಹಂದಿ ಕಟ್ಟಡ ಇದೆ, 2022ರಲ್ಲಿ ಶುರುವಾದದ್ದು, ಲಿಫ್ಟಿನಲ್ಲಿ ಹಂದಿಗಳು ಮೇಲೆ ಹೋಗುತ್ತವೆ. ಇಂಥ ಹಂದಿ ಗೆಣಸಿನ ಬಳ್ಳಿ ತಿನ್ನುವುದಿಲ್ಲ, ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಫೀಡನ್ನೇ ತಿನ್ನುತ್ತದೆ. ಹಾಗಾಗಿ ಹಂದಿಯ ತಲೆ ಲೆಕ್ಕ ಮೊದಲಿನಷ್ಟೇ ಆದರೂ ದುಡ್ಡು ಕೊಟ್ಟು ತರುವ ಮೇವಿನ ಲೆಕ್ಕ ಏರಿತು. ಮೆಕ್ಕೆಜೋಳವನ್ನೇ ನೋಡಿ: 2019ರಲ್ಲಿ ತರಿಸಿದ್ದು 48 ಲಕ್ಷ ಟನ್, 2020ರಲ್ಲಿ 1.13 ಕೋಟಿ, 2021ರಲ್ಲಿ 2.8 ಕೋಟಿ. ಎರಡು ವರ್ಷದಲ್ಲಿ ಆರು ಪಟ್ಟು ಹತ್ತಿರ. ಆಮೇಲೆ ಎಲ್ಲರೂ ಒಟ್ಟಿಗೇ ಹಂದಿ ಹೆಚ್ಚಿಸಿದ್ದಕ್ಕೆ ಅಲ್ಲಿ ಬೆಲೆ ಬಿದ್ದು ಫಾರ್ಮಿನವರು ಕೈ ಸುಟ್ಟುಕೊಂಡರು ಅನ್ನುವುದು ಬೇರೆ ಮಾತು. ಶುಂಠಿಗೆ ಒಂದು ವರ್ಷ ರೇಟು ಬಂತು ಅಂದರೆ ಮರುವರ್ಷ ನಿಮ್ಮ ಗುಡ್ಡದಲ್ಲಿ ಏನಾಗುತ್ತದೋ ಅದೇ.

ನಿಮಗೆ ಒಂದು ಮಾತು. ಹೋಟೆಲಿನ ಡ್ರಮ್ಮಿನಲ್ಲಿ ಹಂದಿ ಮಾಂಸದ ಚೂರು ಬಂದಿದ್ದರೆ ರೋಗವೂ ಅದರೊಟ್ಟಿಗೇ ಬಂದಿರಬಹುದು. ಅರ್ಧ ಗಂಟೆ ಕೊತಕೊತ ಕುದಿಸಿ, ಮಧ್ಯೆ ಮಧ್ಯೆ ಮಗುಚಿ, ಆರಿಸಿ ಹಾಕಿ. ಬಿಸಿ ಮಾಡಿದರೆ ಸಾಲದು. ಬೇರೆ ಫಾರ್ಮಿಗೆ ಹೋಗಿ ಬಂದವರ ಚಪ್ಪಲಿ ನಿಮ್ಮ ಗೇಟಿನ ಹೊರಗೇ ಇರಲಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ. 2025ರಾಗ ಅಮೆರಿಕಾ-ಚೀನಾ ಜಗಳ ಶುರು ಆದಾಗ ಸೋಯಾಕ್ಕ ಬಂಗಾರದ ರೇಟ ಬರ್ತದ ಅಂತ ಊರಾಗ ಎಲ್ಲಾರೂ ಅಂದ್ರು. ನಮ್ಮ ಅಡತಿಯೊಳಗ ನಾಲ್ಕು ಸಾವಿರದ ಮ್ಯಾಲ ಹೋಗಲಿಲ್ಲ. ಚೀನಾದವ್ರು ನಮ್ಮ ಮಾಲ ಯಾಕ ತಗೊಳ್ಳಂಗಿಲ್ಲ? 2021ರಾಗ ಹತ್ತು ಸಾವಿರ ಆಗಿತ್ತಲ್ಲ, ಅದು ಚೀನಾದಿಂದೇನು?
*(ಸೋಯಾ ಬೆಳೆಗಾರರು, ಅಕ್ಕಲಕೋಟೆ ತಾಲೂಕು)*

ನಮಸ್ಕಾರ ಅಣ್ಣಾರ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತಾರಲ್ಲ, ಇಲ್ಲಿ ಆ ಮೂರನೆಯವನು ಬ್ರೆಜಿಲ್. ನಾವಲ್ಲ.

2018ರ ಜುಲೈಯಲ್ಲಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ. 25 ಸುಂಕ ಹಾಕಿತು. 2017ರಲ್ಲಿ ಅಮೆರಿಕದಿಂದ 3.3 ಕೋಟಿ ಟನ್ ತರಿಸಿದ್ದವರು 2018ರಲ್ಲಿ ಅದರ ಅರ್ಧ ತರಿಸಿದರು. ಉಳಿದದ್ದನ್ನು ಬ್ರೆಜಿಲ್ ತುಂಬಿಸಿತು, ಅಲ್ಲಿ ಹೊಸ ಹೊಲ ಎದ್ದವು, ಹೊಸ ರಸ್ತೆ, ಹೊಸ ಬಂದರು. ಇವತ್ತು ಚೀನಾಕ್ಕೆ ಹೋಗುವ ಸೋಯಾದಲ್ಲಿ ನೂರಕ್ಕೆ 70ರಷ್ಟು ಬ್ರೆಜಿಲಿನದ್ದು. 2025ರಲ್ಲಿ ಮತ್ತೆ ಜಗಳ. ಆ ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ಚೀನಾಕ್ಕೆ ಬಂದ ಸೋಯಾ ಸೊನ್ನೆ. ಪೂರ್ತಿ ಸೊನ್ನೆ. ಅಕ್ಟೋಬರ್ 30ಕ್ಕೆ ಎರಡೂ ಅಧ್ಯಕ್ಷರು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಕೂತು ಮಾತಾಡಿದ ಮೇಲೆ, ಮುಂದಿನ ಮೂರು ವರ್ಷ ವರ್ಷಕ್ಕೆ 2.5 ಕೋಟಿ ಟನ್ ಕೊಳ್ಳುವುದಾಗಿ ಚೀನಾ ಒಪ್ಪಿದೆ ಅಂತ ಅಮೆರಿಕದವರು ಹೇಳಿದರು.

ಈಗ ಇದನ್ನು ನಿಮ್ಮ ಅಡತಿಗೆ ತರೋಣ. ಸಂತೆಯ ಅತಿ ದೊಡ್ಡ ಗಿರಾಕಿ ಒಬ್ಬ ಅಂಗಡಿಯವನ ಮೇಲೆ ಸಿಟ್ಟಾಗಿ ಎದ್ದು ಹೋದ ಅಂತ ಇಟ್ಟುಕೊಳ್ಳಿ. ಆ ಅಂಗಡಿಯವನ ಮಾಲು ಹಾಗೇ ಬಿದ್ದಿರುತ್ತದೆ. ಅವನು ಬೇರೆ ಎಲ್ಲರಿಗೂ ಅಗ್ಗಕ್ಕೆ ಕೊಡುತ್ತಾನೆ. ಆಗ ಪಕ್ಕದಲ್ಲಿ ಕೂತ ಸಣ್ಣ ಅಂಗಡಿಯವರ ರೇಟೂ ಇಳಿಯಬೇಕಾಗುತ್ತದೆ, ಅಲ್ವಾ? ನಾವು ಆ ಸಣ್ಣ ಅಂಗಡಿ. ನಮ್ಮ ಸೋಯಾ ಕುಲಾಂತರಿ (ಜೀನ್ ಬದಲಾಯಿಸಿದ ತಳಿ) ಅಲ್ಲ, ಎಕರೆಗೆ ಇಳುವರಿ ಕಡಿಮೆ, ಹಾಗಾಗಿ ನಮ್ಮ ಹಿಂಡಿ ಹೊರಗಿನ ಹಿಂಡಿಗಿಂತ ದುಬಾರಿ. ಕುಲಾಂತರಿ ಬೇಡ ಅನ್ನುವ ಕೆಲವು ಯುರೋಪಿನ ಗಿರಾಕಿಗಳು, ಬಾಂಗ್ಲಾ, ನೇಪಾಳದಂಥ ನೆರೆಯವರು ಕೊಳ್ಳುತ್ತಾರೆ. ಹಡಗುಗಟ್ಟಲೆ ಅಗ್ಗದ ಮಾಲು ಬೇಕಾದ ಚೀನಾ ನಮ್ಮ ಹತ್ತಿರ ಬರುವ ಗಿರಾಕಿಯೇ ಅಲ್ಲ. ಸಾಸಿವೆ ಹಿಂಡಿಯಲ್ಲಿ ಬೇರೆ ಕತೆ. 2025ರ ಮಾರ್ಚಿನಲ್ಲಿ ಕೆನಡಾದ ಕೆನೋಲಾ (ಸಾಸಿವೆ ಜಾತಿಯ ಕಾಳು) ಹಿಂಡಿಯ ಮೇಲೆ ಚೀನಾ ಶೇ. 100 ಸುಂಕ ಹಾಕಿದ ಕೂಡಲೇ ರಾಜಸ್ಥಾನದ ಕಡೆಯ ಸಾಸಿವೆ ಹಿಂಡಿಗೆ ಚೀನಾದಿಂದ ಕೇಳಿಕೆ ಬಂತು. ಅದೇ ಚೀನಾ, ಹಿಂದೆ ನಮ್ಮ ಹಿಂಡಿಯಲ್ಲಿ ಬಣ್ಣದ ಅಂಶ ಸಿಕ್ಕಿತು ಅಂತ ವರ್ಷಗಟ್ಟಲೆ ಬಾಗಿಲು ಹಾಕಿ ಕೂತದ್ದು, ತೆರೆದದ್ದು 2018ರಲ್ಲಿ. ಬೇಕಾದಾಗ ಬರುತ್ತಾರೆ, ಬೇಡವಾದಾಗ ಕಾರಣ ಸಿಗುತ್ತದೆ.

ಆದರೆ ನಿಮ್ಮ ರೇಟು ಬಿದ್ದದ್ದಕ್ಕೆ ಚೀನಾವನ್ನೊಂದೇ ಬೈದರೆ ನನಗೆ ಸಮಾಧಾನ ಇಲ್ಲ. ನಮ್ಮಲ್ಲೇ ಅಕ್ಕಿ, ಮೆಕ್ಕೆಜೋಳದಿಂದ ಎಥನಾಲ್ ಮಾಡುವ ಕಾರ್ಖಾನೆಗಳು ಎದ್ದಿವೆ. ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಚರಟಕ್ಕೆ ಡಿಡಿಜಿಎಸ್ ಅಂತಾರೆ, ಅದರಲ್ಲಿ ಪ್ರೋಟೀನ್ ಚೆನ್ನಾಗಿದೆ, ಸೋಯಾ ಹಿಂಡಿಗಿಂತ ತುಂಬ ಅಗ್ಗ. ಕೋಳಿ ಫೀಡಿನವರು, ದನದ ಫೀಡಿನವರು ಸೋಯಾ ಹಿಂಡಿ ಕಡಿಮೆ ಮಾಡಿ ಇದನ್ನು ಸುರಿಯುತ್ತಿದ್ದಾರೆ. 2025-26ಕ್ಕೆ ಸರಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಅಡತಿಯಲ್ಲಿ ಸಿಕ್ಕಿದ್ದು ನಾಲ್ಕು ಸಾವಿರ. ಈ ನಡುವಿನ ಸಾವಿರದ ಮುನ್ನೂರು ಚಿಲ್ಲರೆಗೆ ಬೀಜಿಂಗಿನವರು ಉತ್ತರ ಕೊಡುವುದಿಲ್ಲ.

2021ರ ಹತ್ತು ಸಾವಿರದ ಮಾತು. ಆಗ ಮೂರು ಒಟ್ಟಿಗೆ ಕೂಡಿದವು. ಚೀನಾದ ಹಂದಿ ವಾಪಸು ಬಂದು ಜಗತ್ತಿನ ಸೋಯಾವನ್ನು ಎಳೆಯುತ್ತಿತ್ತು, ದಕ್ಷಿಣ ಅಮೆರಿಕದಲ್ಲಿ ಮಳೆ ಕೈಕೊಟ್ಟಿತ್ತು, ನಮ್ಮಲ್ಲಿ ಹಿಂದಿನ ವರ್ಷದ ಬೆಳೆ ಕೊಯ್ಲಿನ ಮಳೆಗೆ ಹಾಳಾಗಿ ದಾಸ್ತಾನೇ ಇರಲಿಲ್ಲ. ಸೋಯಾ ಹಿಂಡಿ ಕಿಲೋಗೆ 100 ರೂಪಾಯಿಗೆ ಹೋಗಿ ಮುಟ್ಟಿದಾಗ ಕೋಳಿಯವರು ಬೊಬ್ಬೆ ಹಾಕಿದರು, ಆಗಸ್ಟಿನಲ್ಲಿ ಸರಕಾರ 12 ಲಕ್ಷ ಟನ್ ಕುಲಾಂತರಿ ಸೋಯಾದ ಹಿಂಡಿ ತರಿಸಲು ಒಪ್ಪಿಗೆ ಕೊಟ್ಟಿತು. ದೀಪಾವಳಿಗೆ ಹೊಸ ಮಾಲು ಬರುವಾಗ ರೇಟು ಅರ್ಧಕ್ಕೆ ಬಂದು ಕೂತಿತ್ತು. ಆ ಹತ್ತು ಸಾವಿರ ನೋಡಿದ್ದು ಮಾಲು ಹಿಡಿದಿಟ್ಟವರು ಮಾತ್ರ. ನೀವು ಆಗ ಹಿಡಿದಿದ್ದಿರಾ ಅಂತ ಕಾಗದದಲ್ಲಿ ಬರೆದಿಲ್ಲ. ನಾನೂ ಕೇಳುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಕೋಳಿಗೆ ಹಾಕೋ ಮೆಕ್ಕೆಜೋಳ ನಮ್ಮ ದೇಶದ್ದು, ಸೋಯಾನೂ ನಮ್ಮದೇ. ಆಮೇಲೆ ಚೀನಾ ಎಲ್ಲಿಂದ ಬಂತು?
*(ಕೋಳಿ ಸಾಕುವವರು, ಹೊಸೂರು)*

ಫೀಡ್ ಚೀಲದ ಲೇಬಲ್ಲು ಇದ್ದರೆ ಒಮ್ಮೆ ಕೊನೆ ತನಕ ಓದಿ. ಜೋಳ, ಹಿಂಡಿ, ಎಣ್ಣೆ ಆದ ಮೇಲೆ ಸಣ್ಣ ಅಕ್ಷರದಲ್ಲಿ ವಿಟಮಿನ್ನು, ಆಮೇಲೆ ಪ್ರೋಟೀನಿನ ತುಣುಕುಗಳಾದ ಲೈಸಿನ್, ಮಿಥಿಯೋನಿನ್ ಅಂತೆಲ್ಲ ಬರುತ್ತದೆ. ಟನ್ನಿಗೆ ಕೆಲವೇ ಕಿಲೋ. ಆದರೆ ಅದಿಲ್ಲದೆ 40 ದಿನದಲ್ಲಿ ಎರಡು ಕಿಲೋ ಕೋಳಿ ಆಗುವುದಿಲ್ಲ. ಇದರಲ್ಲಿ ಲೈಸಿನ್ ಮತ್ತು ಎಷ್ಟೋ ವಿಟಮಿನ್ನುಗಳನ್ನು ಜಗತ್ತಿನಲ್ಲೇ ಜಾಸ್ತಿ ಮಾಡುವುದು ಚೀನಾ. ಲೈಸಿನ್ ಮಾಡುವ ಬಗೆ ನಮ್ಮ ದೋಸೆ ಹಿಟ್ಟು ಹುಳಿ ಬರಿಸುವುದಕ್ಕೆ ದೂರದ ನೆಂಟು: ಜೋಳದ ಸಕ್ಕರೆಯನ್ನು ದೊಡ್ಡ ಟ್ಯಾಂಕಿನಲ್ಲಿ ಸೂಕ್ಷ್ಮಾಣುಗಳಿಗೆ ತಿನ್ನಿಸಿ ತೆಗೆಯುತ್ತಾರೆ.

ಅವರಿಗೆ ಇದರಲ್ಲಿ ಇನ್ನೊಂದು ಉಪಾಯ ಇದೆ. ಹಂದಿಗೆ, ಕೋಳಿಗೆ ಸೋಯಾ ಹಿಂಡಿ ಹಾಕುವುದೇ ಮುಖ್ಯವಾಗಿ ಲೈಸಿನ್‌ನಂಥ ಅಂಶಗಳಿಗಾಗಿ. ಅದನ್ನು ಬೇರೆಯಾಗಿಯೇ ಬೆರೆಸಿದರೆ ಹಿಂಡಿ ಕಡಿಮೆ ಸಾಕು. 2022ರಲ್ಲಿ ಅವರ ಫೀಡಿನಲ್ಲಿ ಸೋಯಾ ಹಿಂಡಿ ನೂರಕ್ಕೆ 14.5 ಇತ್ತು, ಅದನ್ನು 2025ರೊಳಗೆ 13ಕ್ಕಿಂತ ಕೆಳಗೆ ತರಬೇಕು ಅಂತ 2023ರ ಏಪ್ರಿಲಿನಲ್ಲಿ ಅಲ್ಲಿನ ಕೃಷಿ ಇಲಾಖೆ ಯೋಜನೆ ಹಾಕಿತು. ಒಂದೂವರೆ ಅಂದರೆ ಏನು ಮಹಾ ಅಂತ ಕಾಣುತ್ತದೆ. ಅವರು ಬಳಸುವ ಹಿಂಡಿಯಲ್ಲಿ ಹತ್ತರಲ್ಲಿ ಒಂದು ಪಾಲು ಅದು. ಅಮೆರಿಕದ ಜೊತೆ ಧೈರ್ಯವಾಗಿ ಜಗಳ ಆಡಲಿಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ನೀವು ಕಂಪನಿ ಕೋಳಿ ಸಾಕುವವರು ಅಂತ ಬರೆದಿದ್ದೀರಿ. ಮರಿ, ಫೀಡು, ಔಷಧಿ ಅವರದ್ದು. ಶೆಡ್ಡು, ಕರೆಂಟು, ರಾತ್ರಿ ನಿದ್ದೆ ನಿಮ್ಮದು. ಫೀಡಿನ ಬೆಲೆ ಏರಿದರೆ ಇಳಿದರೆ ನಿಮಗೆ ಕಿಲೋ ಲೆಕ್ಕದ ಕೂಲಿ ಅಷ್ಟೇ. ಬೆಲೆ ಏರಿದ ಕಾಲಕ್ಕೆ ಕಂಪನಿ ಎರಡು ಬ್ಯಾಚಿನ ನಡುವೆ ಶೆಡ್ಡು ಜಾಸ್ತಿ ದಿನ ಖಾಲಿ ಬಿಡುತ್ತದಲ್ಲ, ಅಲ್ಲಿ ನಿಮಗೆ ಪೆಟ್ಟು.

ಪ್ರಶ್ನೆ: ಬೂತಾಯಿ ಮೀನು ಈಗ ಮೊದಲಿನ ಹಾಗೆ ಸಿಗುವುದಿಲ್ಲ. ಸಿಕ್ಕಿದರೂ ಫಿಶ್ ಮೀಲ್ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿಂದ ಚೀನಾಕ್ಕೆ ಅಂತ ಹೇಳುತ್ತಾರೆ. ಹೌದಾ ಅಕ್ಕ?
*(ಮೀನು ಮಾರುವ ಮನೆಯವರು, ಮಂಜೇಶ್ವರ)*

ಸ್ವಲ್ಪ ಹೌದು. ಚೀನಾ ಹಂದಿಯಲ್ಲಿ ಮೊದಲು ಅಂತ ಹೇಳಿದೆ, ಕೆರೆಯಲ್ಲಿ ಮೀನು ಸಾಕುವುದರಲ್ಲೂ ಅವರೇ ಮೊದಲು. ಸಾಕಿದ ಮೀನಿಗೆ, ಸಿಗಡಿಗೆ, ಹಾಲು ಬಿಟ್ಟ ಹಂದಿಮರಿಗೆ ಮೀನಿನ ಹುಡಿ, ಅಂದರೆ ನೀವು ಹೇಳಿದ ಫಿಶ್ ಮೀಲ್, ಬೇಕು. ಅದನ್ನು ಜಗತ್ತಿನಲ್ಲೇ ಜಾಸ್ತಿ ಕೊಳ್ಳುವುದು ಅವರು, ಜಾಸ್ತಿ ಮಾರುವುದು ಪೆರು. 2023ರಲ್ಲಿ ಎಲ್ ನಿನೋದಿಂದ ಸಮುದ್ರ ಬಿಸಿಯಾಗಿ, ಬಲೆಗೆ ಬರೀ ಮರಿಗಳೇ ಬಂದದ್ದಕ್ಕೆ ಪೆರುವಿನವರು ವರ್ಷದ ಮೊದಲ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಹುಡಿಯ ಬೆಲೆ ಎಲ್ಲ ಕಡೆ ಏರಿತು. ನಮ್ಮ ಕರಾವಳಿಯ ಕಾರ್ಖಾನೆಗಳು, ಉಳ್ಳಾಲದಿಂದ ಮಲ್ಪೆ ತನಕ ಇರುವವು, ಮಾರುವುದು ಇದೇ ಮಾರುಕಟ್ಟೆಗೆ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು.

ಮಳೆಗಾಲದ ನಿಷೇಧ ಮುಗಿದು ವಾರವಾದ ಮೇಲೆ ಒಂದು ಬೆಳಗ್ಗೆ ನಿಮ್ಮ ಬಂದರಿಗೇ ಬಂದಿದ್ದೆ. ಒಂದು ಕಡೆ ಹೆಂಗಸರು ಬುಟ್ಟಿಯಲ್ಲಿ ಮೀನು ಸಾಲಾಗಿ ಇಟ್ಟು, ಐಸ್ ಚೆಲ್ಲಿ, ಮೇಲೆ ಪ್ಲಾಸ್ಟಿಕ್ ಮುಚ್ಚುತ್ತಿದ್ದರು. ಇನ್ನೊಂದು ಕಡೆ ಒಂದು ಪಿಕಪ್ಪಿಗೆ ಸಲಿಕೆಯಲ್ಲಿ ಎತ್ತಿ ಎತ್ತಿ ಸುರಿಯುತ್ತಿದ್ದರು, ಐಸೂ ಇಲ್ಲ, ಮುಚ್ಚಳವೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಬೆರಳುದ್ದದ ಬೂತಾಯಿ, ಇನ್ನೂ ಬೆನ್ನಿನ ನೀಲಿ ಸರಿಯಾಗಿ ಬಂದಿರಲಿಲ್ಲ. ಎಲ್ಲಿಗೆ ಅಂತ ಕೇಳಿದೆ. ಡ್ರೈವರು ಉತ್ತರ ಹೇಳಲಿಲ್ಲ, ಗಲ್ಲ ಎತ್ತಿ ತಲಪಾಡಿ ಕಡೆ ತೋರಿಸಿದ. ಐಸ್ ಹಾಕದ ಮೀನು ಯಾರ ಬಟ್ಟಲಿಗೂ ಹೋಗುವುದಲ್ಲ, ಅಷ್ಟು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೇರಳದ ಕಾನೂನಿನಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯುವ ಹಾಗಿಲ್ಲ. ಗಡಿ ದಾಟಿದ ಮೇಲೆ ಅದನ್ನು ಅಳೆಯುವವರು ಯಾರು?

ಆದರೆ ಬೂತಾಯಿ ಕಡಿಮೆಯಾದದ್ದು ಚೀನಾದಿಂದ ಅಂತ ಹೇಳಿದರೆ ಸಮುದ್ರ ಒಪ್ಪುವುದಿಲ್ಲ. 2012ರಲ್ಲಿ ಕೇರಳದಲ್ಲಿ ಸಿಕ್ಕಿದ್ದು ನಾಲ್ಕು ಲಕ್ಷ ಟನ್ ಹತ್ತಿರ, 2021ರಲ್ಲಿ ಮೂರು ಸಾವಿರದ ಮುನ್ನೂರು ಟನ್ನೂ ಇಲ್ಲ. ಕೊಚ್ಚಿಯ ಕೇಂದ್ರ ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರು ಇದಕ್ಕೆ ಸಮುದ್ರದ ಬಿಸಿ, ಎಲ್ ನಿನೋ, ಮಳೆಯ ಏರುಪೇರು ಇಂಥದ್ದನ್ನೇ ಮುಖ್ಯವಾಗಿ ಹೇಳುತ್ತಾ ಬಂದಿದ್ದಾರೆ. ಕಡಿಮೆಯಾದಾಗ ಉಳಿದ ಮರಿಯನ್ನೂ ಗೋರುವುದು ನಮ್ಮದೇ ಕೆಲಸ. ಕೊಳ್ಳುವವನು ದೂರ ಇದ್ದಾನೆ ಅಷ್ಟೇ, ಸಲಿಕೆ ಇಲ್ಲಿಯದ್ದು.

ಪ್ರಶ್ನೆ: ನಮ್ಮ ದೇಶದ ಎಮ್ಮೆ ಮಾಂಸ ಚೀನಾಗೆ ಹೋಗುತ್ತಾ?
*(ಆದೋನಿ)*

ಕಾಗದದ ಮೇಲೆ ಇಲ್ಲ. ಕಾಲುಬಾಯಿ ರೋಗದ ಕಾರಣ ಹೇಳಿ ಅವರು ಬಿಟ್ಟಿಲ್ಲ. ಆದರೆ ಒಂದು ಕಾಲಕ್ಕೆ ನಮ್ಮ ಎಮ್ಮೆ ಮಾಂಸವನ್ನು ಅತಿ ಜಾಸ್ತಿ ಕೊಳ್ಳುತ್ತಿದ್ದದ್ದು ವಿಯೆಟ್ನಾಂ, ಅಲ್ಲಿಂದ ಗಡಿ ದಾಟಿ ಎಲ್ಲಿಗೆ ಹೋಗುತ್ತಿತ್ತು ಅಂತ ವ್ಯಾಪಾರದವರಿಗೆಲ್ಲ ಗೊತ್ತು. ಗಡಿಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಪ್ರಶ್ನೆ: ಚೀನಾದವರು ಕೋಳಿಯ ಕಾಲು ತಿನ್ನುತ್ತಾರೆ ಅಂತ ನಮ್ಮ ಕ್ಲಾಸಿನಲ್ಲಿ ಒಬ್ಬ ಹೇಳಿದ. ನಿಜವಾ ಅಥವಾ ರೀಲಾ?
*(ಹತ್ತನೇ ಕ್ಲಾಸು, ಉಪ್ಪಳ)*

ನಿಜ ಮಗಾ. ತೊಡೆಯಲ್ಲ, ಉಗುರು ಇರುವ ಪಾದ. ಉಗುರು ತೆಗೆದು, ಕರಿದು, ಬೇಯಿಸಿ, ಹುಳಿಖಾರದಲ್ಲಿ ಹಾಕಿ ಚೀಪುತ್ತಾರೆ. ಬ್ರೆಜಿಲ್, ಅಮೆರಿಕದಲ್ಲಿ ಅದನ್ನು ತಿನ್ನುವವರು ಕಡಿಮೆ, ಹಾಗಾಗಿ ಕಂಟೇನರುಗಟ್ಟಲೆ ಚೀನಾಕ್ಕೆ ಹೋಗುತ್ತದೆ, ಎದೆ ಮಾಂಸ ಒಬ್ಬರಿಗೆ ಮಾರಿ ಕಾಲು ಇನ್ನೊಬ್ಬರಿಗೆ ಮಾರಿದರೆ ಫಾರ್ಮಿನವನಿಗೆ ಒಂದೇ ಕೋಳಿಯಲ್ಲಿ ಎರಡು ಸಲ ಲಾಭ. 2025ರ ಮೇ ತಿಂಗಳಲ್ಲಿ ಬ್ರೆಜಿಲಿನ ಒಂದು ಫಾರ್ಮಿಗೆ ಹಕ್ಕಿಜ್ವರ ಬಂತು ಅಂತ ಚೀನಾ ಇಡೀ ದೇಶದ ಕೋಳಿಯನ್ನೇ ನಿಲ್ಲಿಸಿತು, ಮತ್ತೆ ಬಿಟ್ಟದ್ದು ನವೆಂಬರಿಗೆ. ಅಷ್ಟು ತಿಂಗಳು ಬ್ರೆಜಿಲಿನ ಕಾಲುಗಳಿಗೆ ಅಂಥ ಗಿರಾಕಿ ಬೇರೆ ಎಲ್ಲಿ ಸಿಗಬೇಕು ಹೇಳು. ನಮ್ಮಲ್ಲಿ ಅದಕ್ಕೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಉಪ್ಪಳ ಪೇಟೆಯ ಕೋಳಿ ಅಂಗಡಿಯ ಹಿಂದೆ ಹೋಗಿ ನೋಡು. ಅಲ್ಲಿ ಒಂದು ನೀಲಿ ಡ್ರಮ್ಮಿನಲ್ಲಿ ಕಾಲುಗಳು ತುಂಬಿರುತ್ತವೆ, ನಾಯಿಗೆ ಅಂತ ಕೇಳಿದರೆ ಪುಕ್ಕಟೆ ಕೊಡುತ್ತಾರೆ, ನಾನೂ ನಮ್ಮ ನಾಯಿಗೆ ಅಲ್ಲಿಂದಲೇ ತರುವುದು.